ಮಧ್ಯಾಹ್ನ ಇಲ್ಲದ ಫಾರಮು

ಕಂಟೋನ್ಮೆಂಟ್, ಬಳ್ಳಾರಿ
20 ಜುಲೈ 2020

ದೊಡ್ಡವ್ವಾ, ಜೈಭೀಮ್.

ಹನುಮೇಶಣ್ಣನ ಹಾಲಿನ ಗಾಡಿ ಮತ್ತೆ ದೇಶನೂರಿಗೂ ಬಳ್ಳಾರಿಗೂ ಓಡಾಡಾಕ ಹತ್ತೈತಿ ಅಂತ ಗೊತ್ತಾದ ಕೂಡಲೇ ಪೆನ್ನು ಹಿಡ್ಕೊಂಡು ಕುಂತೆ. ಫೋನಿನ್ಯಾಗ ನಾನು ಕೂಗೋದು, ನೀನು "ಆಂ? ಏನಂದಿ?" ಅನ್ನೋದು, ಈ ಮನಿ ಮಾಲಕರು ಗ್ವಾಡಿ ಆಚಿಂದ ಕೆಮ್ಮೋದು, ಸಾಕಾಗಿ ಹೋಗಿತ್ತು. ರೈಸ್ ಮಿಲ್ಲಿನ ಸದ್ದು ನಿನ್ನ ಕಿವಿ ತಿಂತು, ಅಕ್ಷರ ತಿನ್ನಲಿಲ್ಲ. ನಮಗ ಕಾಗದನ ಚಲೋ.

ನಾನು ಆರಾಮ ಅದೀನಿ. ಕೊರೊನಾ ಬಂದು ಕಾಲೇಜು ಮುಚ್ಚೈತಿ, ಆದ್ರ ಫೋನಿನ್ಯಾಗ ಅರ್ಥಶಾಸ್ತ್ರದ ಪಾಠ ನಡೀತಾವ. ಸಂಬಳಕ್ಕೇನೂ ತೊಂದ್ರಿ ಇಲ್ಲ, ಚಿಂತಿ ಮಾಡಬ್ಯಾಡ. ಹೋದ ವಾರ ಜಯಶ್ರೀ ಅಂತ ಒಬ್ಬಾಕಿ ವಿದ್ಯಾರ್ಥಿ ಕೇಳಿದಳು: "ಮೇಡಂ, ನಮ್ಮಪ್ಪ ಜೀನ್ಸ್ ಹೊಲಿಯೋದು ಬಿಟ್ಟು ನಾಕು ತಿಂಗಳಾತು. ಹೊಲಿಯೋದೂ ನಿಂತೈತಿ, ಅಂಗಡಿಗೆ ಹೋಗಿ ಕೊಳ್ಳೋದೂ ನಿಂತೈತಿ. ನೀವು ಬೋರ್ಡಿನ ಮ್ಯಾಲೆ ಎರಡು ಗೆರಿ ಎಳೀತಿದ್ರಲ್ಲ, ಬೇಡಿಕೀದು ಒಂದು, ಪೂರೈಕೀದು ಒಂದು, ಅದ್ರಾಗ ಸರಿದದ್ದು ಯಾವುದು?" ನೆಟ್‌ವರ್ಕ್ ಹೋದಂಗ ಮಾಡಿ ಫೋನ್ ಇಟ್ಟುಬಿಟ್ಟೆ.

ಈಗ ಮುಖ್ಯ ಸುದ್ದಿ. ಇಲ್ಲಿ ಒಂದು ಟ್ರಸ್ಟಿನವರು ಮೂವತ್ತು ಊರು ನೋಡಿ, ಅದ್ರಾಗ ಹನ್ನೆರಡು ಊರಿಗೆ ಮೂರು ತಿಂಗಳು ಬ್ಯಾಳಿ, ಎಣ್ಣಿ, ಮಕ್ಕಳಿಗೆ ಹಾಲಿನ ಪುಡಿ ಕೊಡಬೇಕು ಅಂತ ಮಾಡ್ಯಾರ. ಎಲ್ಲಿ ಕೆಲಸ ಹೆಚ್ಚು ಹೋಗೈತೋ ಆ ಊರಿಗೆ. ಅದನ್ನ ಲೆಕ್ಕ ಹಾಕಿ ವರದಿ ಬರಿಯೋ ಕೆಲಸ ನನಗ ಕೊಟ್ಟಾರ! ನಿನ್ನ ನಾಟಿ ಗುಂಪಿನ ಹೆಣ್ಮಕ್ಕಳ ಹೆಸರು ತುಂಬಾಕ ಫಾರಮು ಇಟ್ಟೀನಿ. ನಮ್ಮೂರು ಅಂತ ನಾನು ಹೆಚ್ಚು ಕಡಿಮಿ ಮಾಡಂಗಿಲ್ಲ, ಖರೇ ಇದ್ದದ್ದು ಬರಿ ಸಾಕು.

ನಿನ್ನ
ಅಕ್ಷಿತಾ

*

ದೇಶನೂರು
27 ಜುಲೈ 2020

ಲೇ ಅಕ್ಷಿತಾ,

ನಿನ್ನ ಕಾಗದ ಹಾಲಿನ ವಾಸನಿ ಹೊಡ್ಕೊಂತ ಬಂತು. ನನ್ನ ಕಿವಿ ಸುದ್ದಿ ಬಿಡು, ನಿನ್ನ ಅಕ್ಷರ ಯಾಕ ಇರುವಿ ಹರಿದಂಗ ಆಗ್ಯಾವ? ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದೆ.

ಕಾಲುವಿಗೆ ನೀರು ಬಿಟ್ಟಾರ. ನಾಟಿ ಸುರು ಆಗೈತಿ. ನಲವತ್ಮೂರು ಮಂದಿ ಹೆಸರೂ ನನ್ನ ಕೈಲೆ ಬರದೀನಿ. ಹೋದ ವರ್ಷ ಇಪ್ಪತ್ತೇ ಮಂದಿ ಇದ್ವಿ. ನಿಮ್ಮ ಬಳ್ಳಾರಿಯಾಗ ಜೀನ್ಸ್ ಹೊಲಿಯೋದು ನಿಂತ ಮ್ಯಾಲೆ ಇಪ್ಪತ್ಮೂರು ಹೆಣ್ಮಕ್ಕಳು ಗಂಟು ಮೂಟಿ ಕಟ್ಕೊಂಡು ಊರಿಗೆ ಬಂದ್ರು. ಬಂದವರನ್ನ ಬ್ಯಾಡ ಅನ್ನಾಕ ಬರತೈತೇನು? ಮೌನಿಕಾ ನೆನಪೈತಿಲ್ಲ, ರಂಗಣ್ಣನ ಸೊಸಿ, ಪ್ಯಾಂಟಿಗೆ ಜಿಪ್ ಹಚ್ಚಾಕಿ? ಮೊದಲ ದಿನ ಕೆಸರಾಗ ಕುಂಡಿ ಮ್ಯಾಲೆ ಬಿದ್ದಳು. ನಕ್ಕು ನಕ್ಕು ಸಸಿ ಕೈಯಾಗಿಂದ ಜಾರಿದ್ವು.

ಹೋದ ವಾರ ಎಷ್ಟು ದಿನ ಕೆಲಸ ಅಂತ ಕೇಳಿದ್ದಿ. ಆರು ದಿನ. ಎಲ್ಲರಿಗೂ ಆರು. ಕೂಲಿ ದರ ಹೋದ ವರ್ಷಕ್ಕಿಂತ ಕಡಿಮಿಯೋ ಹೆಚ್ಚೋ ಅಂತ ಕೇಳಿದ್ದಿ. ಎಕರೆಕ್ಕ ಅಷ್ಟ ಐತಿ. ಇಳಸ್ತೀನಿ ಅಂತ ಹೊನ್ನೂರಸ್ವಾಮಿ ಸಾವ್ಕಾರ ಬಾಯಿ ತೆಗೆದಿದ್ದ, ನಾನು ಸುಂಕಲಮ್ಮ ಅದೀನಿ, ಬಿಡ್ತೀನೇನು? ಕೆಲಸ ಇಲ್ಲದೆ ಮನಿಯಾಗ ಕುಂತಿರೋರು ಯಾರು ಅಂತ ಒಂದು ಸಾಲು ಇತ್ತು. ಯಾರೂ ಇಲ್ಲ ಅಂತ ಬರದೀನಿ. ನನ್ನ ಗುಂಪಿನ್ಯಾಗ ಹಂಗ ಯಾರನ್ನೂ ಕೂಡಿಸಂಗಿಲ್ಲ.

ಏನು ಉಣ್ತೀರಿ ಅಂತ ಮಾತ್ರ ಎಲ್ಲೂ ಕೇಳಿಲ್ಲ. ಕಾಗದ ಸಾಲಲಿಲ್ಲೇನು? ಇರ್ಲಿ, ಓದಿದಾಕಿ ನೀನು, ನಿನಗ ಗೊತ್ತಿರತೈತಿ. ಬ್ಯಾಳಿ, ಹಾಲಿನ ಪುಡಿ ಎಂದು ಬರತಾವ ತಿಳಿಸು. ಬರತಾವ ಅಂತ ಎಲ್ಲರ ಮುಂದೂ ಹೇಳಿಬಿಟ್ಟೀನಿ.

ನಿನ್ನ ದೊಡ್ಡವ್ವ
ಸುಂಕಲಮ್ಮ

*

ಕಂಟೋನ್ಮೆಂಟ್, ಬಳ್ಳಾರಿ
8 ಆಗಸ್ಟ್ 2020

ದೊಡ್ಡವ್ವಾ, ಜೈಭೀಮ್.

ನಿನ್ನ ಫಾರಮು ನೋಡಿ ನನ್ನ ತಲಿ ಮೊಸರ ಗಡಿಗಿ ಆಗಿತ್ತು. ಪುಸ್ತಕ ಹೇಳೋದು ಏನಂದ್ರ, ಆಳು ಇಮ್ಮಡಿ ಆದ್ರ ಕೂಲಿ ಇಳೀಬೇಕು. ಕೂಲಿ ಇಳೀದಿದ್ರ ಅರ್ಧ ಮಂದಿ ಖಾಲಿ ಕೂಡಬೇಕು. ನಿಮ್ಮಲ್ಲಿ ಕೂಲೀನೂ ಇಳಿದಿಲ್ಲ, ಯಾರೂ ಖಾಲೀನೂ ಇಲ್ಲ. ಎರಡು ದಿನ ಬರೀ ಅದನ್ನ ನೋಡ್ಕೊಂತ ಕುಂತೆ. ಕಡೀಗೆ ತಿಳೀತು. ಹಿಂಗ ಆಗಬೇಕಂದ್ರ ಒಂದ ಕಾರಣ ಇರಬೇಕು: ಕೆಲಸಾನೂ ಇಮ್ಮಡಿ ಆಗಿರಬೇಕು. ಜಗತ್ತೇ ಮಲಗಿರೋವಾಗ ದೇಶನೂರು ಎದ್ದು ಕುಂತೈತಿ!

ವರದಿಯಾಗ ಹಂಗ ಬರದೆ. ಟ್ರಸ್ಟಿನ ಆಫೀಸು ನೋಡ್ಕೊಳ್ಳೋ ಶೇಖರ್ ಸರ್ ಭಾಳ ಮೆಚ್ಚಿದ್ರು. "ಚೇತರಿಸಿಕೊಂಡ ಗ್ರಾಮ" ಅಂತ ಹೆಸರು ಇಟ್ಟಾರ ನಿಮ್ಮೂರಿಗೆ. ಮೂವತ್ತು ಊರಾಗ ನಿಮ್ಮದ ಎಲ್ಲಕ್ಕಿಂತ ಮ್ಯಾಲೆ. ಹಂಗಾಗಿ ಸಾಮಾನು ಕೊಡೋ ಪಟ್ಟಿಯಾಗ ದೇಶನೂರು ಬಂದಿಲ್ಲ. ಬೇಜಾರು ಮಾಡ್ಕೋಬ್ಯಾಡ, ಇದು ಖುಷಿ ಪಡೋ ಸುದ್ದಿ.

ಕುರುಗೋಡು ಕಡಿ ನೋಡಿದ್ರ ಎದಿ ಒಡೀತೈತಿ. ಅಲ್ಲಿ ಅಯ್ಯಣ್ಣ ಅನ್ನೋ ಮೇಸ್ತ್ರಿ ಮೆಣಸಿನಕಾಯಿ ಹೊಲಕ್ಕ ಕರ್ಕೊಂಡು ಹೋಗೋ ನಲವತ್ತು ಮಂದಿಯಾಗ ಇಪ್ಪತ್ತು ಮಂದೀನ ಬ್ಯಾಡ ಅಂದುಬಿಟ್ಟಾನ. ಅವರ ಊರು ಪಟ್ಟಿಯಾಗ ಮೊದಲನೇದು.

ನಾನು ಆರಾಮ ಅದೀನಿ.

ನಿನ್ನ
ಅಕ್ಷಿತಾ

*

ದೇಶನೂರು
25 ಆಗಸ್ಟ್ 2020

ಅಕ್ಷಿತಾ,

ಇಷ್ಟು ದಿನ ಬರೀಲಿಲ್ಲ. ಸಿಟ್ಟಿನ್ಯಾಗ ಬರದ್ರ ಅಕ್ಷರ ನೆಟ್ಟಗ ಬರಂಗಿಲ್ಲ ಅಂತ ಸುಮ್ಮನಿದ್ದೆ. ಈಗೂ ನೆಟ್ಟಗ ಬರವಲ್ವು, ಆದ್ರೂ ಬರೀತೀನಿ.

ಓದಿ ಓದಿ ಮರುಳಾದ ಕೂಚುಭಟ್ಟ ಅಂತ ನಮ್ಮವ್ವ ಅಂತಿದ್ಲು. ಅವ ನಮ್ಮ ಮನಿಯಾಗ ಹುಟ್ಟತಾನ ಅಂತ ಗೊತ್ತಿರಲಿಲ್ಲ. ನಿಮ್ಮವ್ವ ಹೋದ ಮ್ಯಾಲೆ ನೀನು ನನ್ನ ಸೆರಗು ಹಿಡ್ಕೊಂಡು ಬದುವಿನ ಮ್ಯಾಲೆ ಬೆಳೆದಾಕಿ. ಗುಂಪಿನ ಪಾಲು ಅಂದ್ರ ಏನು ಅಂತ ನಿನಗ ನಾನು ಕಾಗದದಾಗ ಹೇಳಿಕೊಡಬೇಕೇನು? ಸರಿ, ಕೇಳು.

ಗುಂಪು ಕೆಸರಿಗೆ ಕಾಲಿಟ್ಟ ದಿನ ಎಲ್ಲರ ದಿನ. ವಿರೂಪಮ್ಮನ ನಡ ಹಿಡಿದು ತಿಂಗಳಾತು, ಬದುವಿನ ತನಕಾನೂ ಬರಾಕ ಆಗವಲ್ದು. ಅಕೀಗೂ ಪಾಲು ಐತಿ, ಅಕೀದೂ ದಿನಾನ. ಸಾವಂತ್ರಮ್ಮ ಹಡದಾಳ, ಮನಿಯಾಗ ಅದಾಳ. ಅಕೀದೂ ದಿನಾನ. ನಾನು ಹಾಸಿಗಿ ಹಿಡಿದಾಗ ನಿನ್ನ ಸಾಲಿ ಪುಸ್ತಕ ಬಂದದ್ದು ಎಲ್ಲಿಂದ? ಹಿಂಗಾಗಿ ಎಲ್ಲರಿಗೂ ಆರು ಅಂತ ಬರದೆ. ನಾನು ಸುಳ್ಳು ಬರದಿಲ್ಲ.

ಮಂದಿ ಹೆಚ್ಚಾತು, ಹೊಲ ಹಿಗ್ಗಲಿಲ್ಲ. ಇಪ್ಪತ್ತು ಮಂದಿ ಹೊತ್ತು ಮುಣುಗೋತನ ಹಚ್ಚತಿದ್ದ ನಾಟಿ ಈಗ ಬುತ್ತಿ ಬಿಚ್ಚೋದರಾಗ ಮುಗೀತೈತಿ. ಮಧ್ಯಾಹ್ನಕ್ಕ ಎಲ್ಲರೂ ಮನಿಗೆ. ಎಕರೆಕ್ಕ ಕೊಡೋದು ಅಷ್ಟ, ಹಂಚ್ಕೊಳ್ಳೋರು ನಲವತ್ಮೂರು. ನಿನ್ನ ಪುಸ್ತಕಕ್ಕ ಮಧ್ಯಾಹ್ನ ಅನ್ನೋದು ಗೊತ್ತಿಲ್ಲೇನು?

ಸೊಸೈಟಿ ಅಕ್ಕಿ ಬರತೈತಿ, ಇಲ್ಲ ಅನ್ನಂಗಿಲ್ಲ. ಬಂದವರ ಕಾರ್ಡು ಬಳ್ಳಾರಿಯಾಗ ಉಳದಾವ, ಅದಕ್ಕ ಅದನ್ನೂ ಹಂಚ್ಕೊಂಡು ತಿಂತೀವಿ. ಬ್ಯಾಳಿ ಕಂಡು ತಿಂಗಳ ಮ್ಯಾಲಾತು. ಅನ್ನ, ಹುಣಸಿಹಣ್ಣಿನ ನೀರು, ಅದೂ ಒಂದ ಹೊತ್ತು. ಸಾವಂತ್ರಮ್ಮನ ಎದಿಯಾಗ ಹಾಲಿಲ್ಲ. ಕೂಸು ಅತ್ತೂ ಅತ್ತೂ ದನಿ ಬಿದ್ದು ಹೋಗೈತಿ. ಆ ಹಾಲಿನ ಪುಡಿ ಬರತೈತಿ ಅಂತ ಅಕಿಗೆ ಹೇಳಿದಾಕಿ ನಾನು.

ಟೀವಿಯಾಗ ಪ್ಯಾಕೇಜು ಪ್ಯಾಕೇಜು ಅಂತ ಬಡ್ಕೊಂಡ್ರು, ನನಗ ಕೇಳಿಸಲಿಲ್ಲ, ಕೇಳಿಸಿದವರಿಗೆ ತಿಳೀಲಿಲ್ಲ. ನಿನ್ನದಾದ್ರೂ ತಿಳೀತೈತಿ ಅಂದ್ಕೊಂಡಿದ್ದೆ. ಮಂದೀನ ಕೈ ಬಿಟ್ಟ ಅಯ್ಯಣ್ಣಗ ಬ್ಯಾಳಿ, ಕೈ ಹಿಡಿದ ಸುಂಕಲಮ್ಮಗ ಶಾಭಾಸ್. ಇದ್ಯಾವ ನ್ಯಾಯ ಹೇಳು. ನೀನ ಬರದಿದ್ದು, ನೀನ ತಿದ್ದು.

ಸುಂಕಲಮ್ಮ

*

ಕಂಟೋನ್ಮೆಂಟ್, ಬಳ್ಳಾರಿ
30 ಆಗಸ್ಟ್ 2020

ದೊಡ್ಡವ್ವಾ,

ಯಾವ ಮುಖ ಹೊತ್ತು ಬರೀಲಿ? ಬದುವಿನ ಮ್ಯಾಲೆ ಕುಂತು ನಾನೂ ಆ ಪಾಲಿನ ಅನ್ನ ಉಂಡೀನಿ. ಫಾರಮು ಕೈಯಾಗ ಹಿಡದಾಗ ಅದು ನೆನಪಿಗೇ ಬರಲಿಲ್ಲ. ಯಾಕ ಬರಲಿಲ್ಲ ಅಂತ ನನಗ ತಿಳೀವಲ್ದು.

ನಿನ್ನ ಕಾಗದ ತಗೊಂಡು ಶೇಖರ್ ಸರ್ ಹತ್ರ ಹೋದೆ. ಕೆಟ್ಟವರಲ್ಲ ಅವರು. ಎರಡು ಸಲ ಓದಿದ್ರು. ಆಮ್ಯಾಲೆ, "ವಾರದಾಗ ಒಂದು ತಾಸು ಕೆಲಸ ಮಾಡಿದ್ರೂ ಅವರು ಕೆಲಸ ಇದ್ದವರು ಅಂತನ ಲೆಕ್ಕ. ಇದು ನಾನು ಮಾಡಿದ ನಿಯಮ ಅಲ್ಲಮ್ಮ, ದೊಡ್ಡ ದೊಡ್ಡ ಸರ್ವೇದಾಗೂ ಹಿಂಗ ಎಣಿಸ್ತಾರ" ಅಂದ್ರು. ಎಷ್ಟು ಹೊತ್ತಿಗೆ ಮನಿಗೆ ಬಂದ್ರಿ, ಏನು ಉಂಡ್ರಿ ಅಂತ ಇನ್ನೊಂದು ಪ್ರಶ್ನಿ ಹಾಕೋಣ ಸರ್ ಅಂದೆ. ಉಳಿದ ಇಪ್ಪತ್ತೊಂಬತ್ತು ಊರಾಗ ಅದನ್ನ ಕೇಳಿಲ್ಲಲ್ಲ, ಒಂದೊಂದೂರಿಗೆ ಒಂದೊಂದು ತಕ್ಕಡಿ ಹಿಡಿದ್ರ ಹೆಂಗ ಅಂದ್ರು. ಅದೂ ಖರೇ ಅನ್ನಿಸ್ತು. ನಿನ್ನ ಮಾತೂ ಖರೇ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು, ನಡುವ ನಾನು.

ಒಂದು ದಾರಿ ಹೇಳ್ಯಾರ. ಪಟ್ಟಿ ಸೆಪ್ಟೆಂಬರ್ ಆರಕ್ಕ ಮುಚ್ಚತೈತಿ. ಅಷ್ಟರಾಗ ಹೊಸ ಫಾರಮು ಕೊಡಬೇಕು. ಇಪ್ಪತ್ತು ಮಂದಿ ಕೆಲಸ ಇದ್ದವರು, ಇಪ್ಪತ್ಮೂರು ಮಂದಿ ಕೆಲಸ ಇಲ್ಲದವರು ಅಂತ ಬೇರೆ ಬೇರೆ ಮಾಡಿ ಬರದ್ರ, ಖಾಲಿ ಇದ್ದವರು ಅರ್ಧಕ್ಕಿಂತ ಹೆಚ್ಚು ಆಗ್ತಾರ, ಇಡೀ ಊರು ಪಟ್ಟಿಗೆ ಬರತೈತಿ. ಇಪ್ಪತ್ತು ಮಂದಿ ಕೆಲಸಾನ ನೀವು ಹಂಚ್ಕೊಂಡು ಮಾಡಾಕ ಹತ್ತೀರಿ ಅಂದ ಮ್ಯಾಲೆ ಇದು ಸುಳ್ಳೂ ಅಲ್ಲ. ಬರೀ ಕಾಗದದ ಮ್ಯಾಲೆ. ಕೆಲಸ ಇಲ್ಲ ಅಂದವರ ಸಹಿ, ಇಲ್ಲಾಂದ್ರ ಹೆಬ್ಬೆಟ್ಟು ಬೇಕು. ಖಾಲಿ ಫಾರಮು ಇಟ್ಟೀನಿ. ಇಪ್ಪತ್ಮೂರು ಹೆಸರು, ದೊಡ್ಡವ್ವಾ. ಬ್ಯಾಗ ಕಳಿಸು.

ಅಕ್ಷಿತಾ

*

ದೇಶನೂರು
5 ಸೆಪ್ಟೆಂಬರ್ 2020

ಅಕ್ಷಿತಾ,

ನಿನ್ನ ಕಾಗದ ಓದಿ ಎಲ್ಲರನ್ನೂ ಸಾಲಿ ಬಯಲಿಗೆ ಕರೆದೆ. ಬಾಯಿಗೆ ಸೆರಗು ಕಟ್ಕೊಂಡು ದೂರ ದೂರ ಕುಂತ್ರು. ಯಾರು ಏನಂದ್ರು ಅಂತ ನನಗ ಅರ್ಧ ಕೇಳಿಸ್ತು, ಅರ್ಧ ಮುಖ ನೋಡಿ ತಿಳ್ಕೊಂಡೆ.

ಮೌನಿಕಾ ಮೊದಲು ಎದ್ದಳು. "ನಾವು ಆಮ್ಯಾಲೆ ಬಂದವರು. ನಮ್ಮ ಇಪ್ಪತ್ಮೂರೂ ಹೆಸರು ಬರಿ ಚಿಗವ್ವಾ" ಅಂತ ಪೆನ್ನು ತಗೊಂಡಳು. ವಿರೂಪಮ್ಮ ನಡ ಹಿಡ್ಕೊಂಡ ಎದ್ದು ಬಂದು ಪೆನ್ನು ಕಸ್ಕೊಂಡಳು. "ಇವತ್ತು ಹೆಬ್ಬೆಟ್ಟು ಒತ್ತಿದ್ರ ನಾಳೆ ನಿನ್ನನ್ನ ಗುಂಪಿನಾಕಿ ಅಂತ ಯಾರು ಅಂತಾರ? ನಾನು ಮನಿಯಾಗ ಬಿದ್ದಾಕಿ, ನನ್ನ ಹೆಸರು ಬರಿ" ಅಂದಳು. ಆಗ ಸಾವಂತ್ರಮ್ಮ ನನ್ನದು ಅಂದಳು. ಒಂದು ತಾಸು ಇದ ಆತು. ಕೆಲಸ ಐತಿ ಅನ್ನೋ ಸಾಲಿಗೆ ಬರಾಕ ಒಬ್ಬರೂ ತಯಾರಿಲ್ಲ.

ಅಷ್ಟರಾಗ ಹೊನ್ನೂರಸ್ವಾಮಿ ಸಾವ್ಕಾರಗ ಸುದ್ದಿ ಮುಟ್ಟಿತು. ಮನಿಗೇ ಬಂದ. "ಇಪ್ಪತ್ಮೂರು ಮಂದಿ ಖಾಲಿ ಅಂತ ನೀವ ಬರದುಕೊಡ್ತೀರಂತ. ಭೇಷಾತು. ಹಂಗಿದ್ರ ಕಳಿ ತೆಗಿಯಾಕ ಎಕರೆ ಗುತ್ತಿಗಿ ಬ್ಯಾಡ. ದಿನಗೂಲಿ ಕೊಡ್ತೀನಿ, ಇಪ್ಪತ್ತೇ ಮಂದಿ ಬರ್ರಿ, ಯಾರು ಅಂತ ನಾನು ಹೇಳ್ತೀನಿ" ಅಂದ. ನಕ್ಕೊಂತ ಅಂದ.

ಬರದ್ರ ಬ್ಯಾಳಿ ಬರತೈತಿ, ಗುಂಪು ಹೋಗತೈತಿ. ಬರೀದಿದ್ರ ಗುಂಪು ಉಳೀತೈತಿ, ಕೂಸಿಗೆ ಹಾಲಿಲ್ಲ. ಮೂವತ್ತು ವರ್ಷ ಗುಂಪು ನಡಸೀನಿ, ಯಾರಿಗೂ ಕೇಳಿದಾಕಿ ಅಲ್ಲ. ಈಗ ಏನು ಮಾಡಬೇಕು ಅಂತ ನನಗ ತಿಳೀವಲ್ದು ಮಗಳ. ಫಾರಮು ಖಾಲಿ ಕಳಸಾಕ ಹತ್ತೀನಿ. ನೀನ ತುಂಬು ಅಂತ ಅಲ್ಲ, ತುಂಬಬ್ಯಾಡ ಅಂತಾನೂ ಅಲ್ಲ. ನನ್ನ ಕೈ ಏಳವಲ್ದು ಅಷ್ಟ.

ಇನ್ನೊಂದು. ಗಾಡಿ ಮತ್ತೆ ಸುರು ಆದಾಗಿಂದ ನೀನು ಒಂದು ದಿನಾನೂ ಹಾಲು ತಗೊಂಡಿಲ್ಲಂತ. ಹನುಮೇಶ ಹೇಳಿದ. ನಿಮ್ಮ ಕಾಲೇಜಿನ ಗೆಸ್ಟ್ ಮೇಷ್ಟ್ರುಗಳಿಗೆ ಏಪ್ರಿಲಿಂದ ಸಂಬಳ ಇಲ್ಲಂತ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ. ನನ್ನ ಮುಂದನ ಆರಾಮ ಅದೀನಿ ಅಂತೀಯಲ್ಲ, ನಾಚಿಕಿ ಬರಂಗಿಲ್ಲೇನು? ನಿನ್ನ ಫಾರಮು ನಿನಗ ಹಾಕಿ ನೋಡ್ಕೊಂಡಿಯೇನು ಒಂದು ಸಲನಾದ್ರೂ?

ದೊಡ್ಡವ್ವ

*

ಕಂಟೋನ್ಮೆಂಟ್, ಬಳ್ಳಾರಿ
9 ಸೆಪ್ಟೆಂಬರ್ 2020

ದೊಡ್ಡವ್ವಾ,

ಆರನೇ ತಾರೀಖು ಬೆಳಿಗ್ಗೆ ನಿನ್ನ ಖಾಲಿ ಫಾರಮು ಕೈಗೆ ಬಂತು. ಆಫೀಸಿನ ಬೆಂಚಿನ ಮ್ಯಾಲೆ ಕುಂತೆ. ಎಲ್ಲರ ಹೆಸರೂ ನನಗ ಬಾಯಿಪಾಠ. ಇಪ್ಪತ್ಮೂರು ಹೆಸರು ಬರದು, ಅಡ್ಡಾದಿಡ್ಡಿ ಸಹಿ ಹಾಕಿದ್ರ ಯಾರೂ ಕೇಳತಿರಲಿಲ್ಲ. ಪೆನ್ನು ತೆಗೆದೆ. ಮೊದಲ ಹೆಸರು ಯಾರದು ಬರೀಬೇಕು ಅನ್ನೋದರಾಗನ ಮಧ್ಯಾಹ್ನ ಆತು. ಕಡೀಗೆ ಹೆಸರು ಬರೀಲಿಲ್ಲ. ಗುಂಪಿನ ಪಾಲು ಅಂದ್ರ ಏನು, ಅರ್ಧ ದಿನದ ಕೆಲಸ ಪೂರಾ ದಿನ ಅಂತ ಯಾಕ ಬಂತು, ಅಂತ ಎರಡು ಪುಟ ಬರದು ಕೊಟ್ಟೆ. ಶೇಖರ್ ಸರ್ ಓದಿದ್ರು, "ಚಲೋ ಬರದೀಯಮ್ಮ" ಅಂದ್ರು, ಫೈಲಿಗೆ ಸೇರಿಸಿದ್ರು. ಐದು ಗಂಟೆಗೆ ಪಟ್ಟಿ ಮುಚ್ಚಿತು. ದೇಶನೂರು ಅದ್ರಾಗ ಇಲ್ಲ.

ತುಂಬಬೇಕಾಗಿತ್ತೇನು? ದೊಡ್ಡವ್ವಾ, ನನಗ ಈಗೂ ತಿಳೀವಲ್ದು. ಕಣ್ಣು ಮುಚ್ಚಿದ್ರ ನಾನು ನೋಡದ ಆ ಕೂಸು ಅಳತೈತಿ.

ಹೌದು, ಸಂಬಳ ಇಲ್ಲ. ಏಪ್ರಿಲಿಂದ ಇಲ್ಲ. ಟ್ರಸ್ಟಿನವರು ಕೊಡೋದು ಎಲ್ಲ ಮುಗಿದ ಮ್ಯಾಲೆ, ಅಕ್ಟೋಬರಿಗೆ. ಮಾಲಕರ ಹೆಂಡತಿ ಒಮ್ಮೊಮ್ಮೆ ಉಪ್ಪಿಟ್ಟು ಕೊಡ್ತಾರ. ನಿನ್ನ ಮಾತು ಕೇಳಿ ನನ್ನ ಹೆಸರಿಗೂ ಫಾರಮು ತುಂಬಿ ನೋಡಿದೆ. ವಾರದಾಗ ಒಂದು ತಾಸು ಪಾಠ: ಕೆಲಸ ಐತಿ. ದರ: ಅಷ್ಟ. ನಾನೂ ಚೇತರಿಸಿಕೊಂಡ ಗ್ರಾಮ.

ನಿನ್ನೆ ಜಯಶ್ರೀ ಮತ್ತೆ ಅದ ಪ್ರಶ್ನಿ ಕೇಳಿದಳು, ಯಾವ ಗೆರಿ ಸರೀತು ಅಂತ. ಗೊತ್ತಿಲ್ಲಮ್ಮ ಅಂದೆ. ನನಗ ಪಾಠ ಹೇಳಿದವರು ಇದನ್ನ ಹೇಳಿಕೊಟ್ಟಿಲ್ಲ ಅಂದೆ.

ನೀನು ಉತ್ತರ ಬರೀದಿದ್ರೂ ನನಗ ಅರ್ಥ ಆಗತೈತಿ.

ಅಕ್ಷಿತಾ

*

ದೇಶನೂರು
18 ಸೆಪ್ಟೆಂಬರ್ 2020

ಲೇ ಅಕ್ಷಿತಾ,

ಉತ್ತರ ಬರೀದೆ ಬಿಡಾಕ ನೀನೇನು ಹೊರಗಿನಾಕಿ ಏನು? ಸಿಟ್ಟು ಹೋಗಿಲ್ಲ, ಅದು ಬ್ಯಾರೆ ಮಾತು.

ಪಟ್ಟಿಯಾಗ ಇಲ್ಲ ಅಂತ ಎಲ್ಲರಿಗೂ ಹೇಳಿದೆ. ಮೌನಿಕಾನ ಮಾವ ರಂಗಣ್ಣ ತಾನಾಗೇ ದಿನಾ ಒಂದು ಲೋಟ ಎಮ್ಮಿ ಹಾಲು ತಂದು ಕೊಡಾಕ ಹತ್ಯಾನ. ನೀರು ಬೆರಸಿ ಕುದಿಸಿ ಕೂಸಿಗೆ ಕುಡಸ್ತಾರ. ಸಾಲಂಗಿಲ್ಲ, ಆದ್ರ ಕೂಸು ಕಣ್ಣು ಬಿಟ್ಟು ನೋಡತೈತಿ. ಹೊನ್ನೂರಸ್ವಾಮಿ ಈಗ ಎಕರೆ ಗುತ್ತಿಗಿಗೆ ಒಪ್ಪ್ಯಾನ, ಯಾರು ಖಾಲಿ ಅಂತ ಅವಗ ತೋರಿಸಾಕ ಕಾಗದ ಇಲ್ಲ ನೋಡು. ಮುಂದಿನ ಸಲ ಏನಂತಾನೋ ಗೊತ್ತಿಲ್ಲ. ಇಬ್ಬರು ಹೆಣ್ಮಕ್ಕಳು ಹೇಳದ ಕೇಳದ ಬಳ್ಳಾರಿಗೆ ವಾಪಸ್ ಹೋದ್ರು. ಫ್ಯಾಕ್ಟರಿ ತೆರದೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಅವರ ಪಾಲು ತೆಗೆದಿಟ್ಟೀನಿ.

ಮೊನ್ನೆ ಪಾಲು ಹಾಕೋವಾಗ ನಿನ್ನ ಕಾಗದ ಎಲ್ಲರ ಮುಂದೂ ಓದಿದೆ. ನಿನ್ನ ಸಂಬಳದ್ದು, ಉಪ್ಪಿಟ್ಟಿಂದು, ಎಲ್ಲ ಓದಿದೆ. ನಾಚಿಕಿ ಆದ್ರ ಆಗ್ಲಿ. ಓದಿ ಮುಗಿಸಿದ ಮ್ಯಾಲೆ ಸಾವಂತ್ರಮ್ಮ ಕೂಸು ಹೊತ್ಕೊಂಡು ಹತ್ರ ಬಂದು ನನ್ನ ಕಿವಿಯಾಗ ಕೂಗಿದಳು, "ಪಾಲು ನಲವತ್ನಾಲ್ಕು ಮಾಡು" ಅಂತ. ಯಾಕ ಅಂದೆ. "ಅಕಿ ಕೈಯಾಗ ಖಾಲಿ ಫಾರಮು ಇತ್ತು, ತುಂಬಲಿಲ್ಲ" ಅಂದಳು. ತುಂಬಿದ್ರ ನಿನ್ನ ಕೂಸಿಗೆ ಹಾಲಿನ ಪುಡಿ ಬರತಿತ್ತಲ್ಲ ಅಂದೆ. "ಬರತಿತ್ತು" ಅಂದಳು. ಅಷ್ಟ ಅಂದು ಹೋಗಿ ತನ್ನ ಜಾಗದಾಗ ಕುಂತಳು. ಅಕಿ ಏನು ಅಂದ್ಕೊಂಡಳೋ ನನಗ ತಿಳೀಲಿಲ್ಲ. ಬಿಡಿಸಿ ಕೇಳಾಕ ನನಗ ಧೈರ್ಯ ಬರಲಿಲ್ಲ.

ಈ ಕಾಗದದ ಜೊತಿ ಹನುಮೇಶ ಒಂದು ಚೀಲ ಕೊಡ್ತಾನ. ಅಕ್ಕಿ ಐತಿ, ಹುಣಸಿಹಣ್ಣು ಐತಿ, ಒಂದು ಗಂಟಿನ್ಯಾಗ ರೊಕ್ಕ ಐತಿ. ತಿರುಗಿ ಕಳಿಸಿದ್ರ ನಿನಗೂ ನನಗೂ ಮಾತಿಲ್ಲ.

ಸೋಮವಾರ ಕಳಿ ತೆಗಿಯಾಕ ಇಳೀತೀವಿ. ಬಂದ್ರ ಬಾ. ಬರದಿದ್ರೂ ಅದು ನಿನ್ನ ದಿನಾನ.

ನಿನ್ನ ದೊಡ್ಡವ್ವ
ಸುಂಕಲಮ್ಮ